ರೈಲು ನಿಲ್ಲಿಸಿ ಎಂದ ಎರಡು ದನಿ

ಜಮೈಕಾ ಅಂದರೆ ನಮ್ಮ ಊರುಗಳಲ್ಲಿ ಮೊದಲು ನೆನಪಾಗುವುದು ಕ್ರಿಸ್ ಗೇಲ್. 2013ರ ಏಪ್ರಿಲ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ ಪರ ಔಟಾಗದೆ 175 ರನ್ ಬಾರಿಸಿದ ಆ ಮನುಷ್ಯ ಹುಟ್ಟಿದ್ದು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ. ಗೇಲ್ ಆದ ಮೇಲೆ ಓಟಗಾರ ಉಸೇನ್ ಬೋಲ್ಟ್. ಹಾಡು ಕೇಳುವ ಹುಡುಗರಾದರೆ ಬಾಬ್ ಮಾರ್ಲಿ ಹೆಸರು ಹೇಳುತ್ತಾರೆ. ಹಾಡು ಕೇಳದವರೂ ಅವರ ಚಿತ್ರ ಇರುವ ಟೀ ಶರ್ಟ್ ಹಾಕಿಕೊಂಡಿರುತ್ತಾರೆ.

ಇವತ್ತು ನಾವು ಬರೆಯಲು ಹೊರಟಿರುವುದು ಅದೇ ಕಿಂಗ್‌ಸ್ಟನ್‌ನ ಇಬ್ಬರು ಹುಡುಗರ ಬಗ್ಗೆ. ಒಬ್ಬರು ಕೀತ್ ರೋ, ಇನ್ನೊಬ್ಬರು ಟೆಕ್ಸಾಸ್ ಡಿಕ್ಸನ್. ರೆಕಾರ್ಡಿನ ಮೇಲೆ ಇವರ ಹೆಸರು 'ಕೀತ್ ಅಂಡ್ ಟೆಕ್ಸ್'. 1967ರಲ್ಲಿ ಇಬ್ಬರೂ ಸೇರಿ ಹಾಡಿದ ಎರಡು ಹಾಡು, 'ಟುನೈಟ್' ಮತ್ತು 'ಸ್ಟಾಪ್ ದಟ್ ಟ್ರೇನ್', ಐವತ್ತು ವರ್ಷ ದಾಟಿದರೂ ಪ್ರಪಂಚದಲ್ಲಿ ಎಲ್ಲೋ ಒಂದು ಕಡೆ ಕೇಳಿಸುತ್ತಲೇ ಇವೆ. ಆದರೆ ಹಾಡು ಗೊತ್ತಿರುವವರಿಗೆಲ್ಲ ಹಾಡಿದವರು ಗೊತ್ತಿಲ್ಲ.

ಇದು ನಮಗೇಕೆ ತಾಗಿತು ಅಂತ ಮೊದಲೇ ಹೇಳಿಬಿಡುತ್ತೇವೆ. ನಾವು ತಾಲ್ಲೂಕಿನಿಂದ ಸುದ್ದಿ ಕಳಿಸುವವರು. ಮಳೆಗೆ ಮನೆ ಬಿದ್ದರೆ, ಬೋರ್‌ವೆಲ್ ಬತ್ತಿದರೆ, ಚಿರತೆ ಬಂದರೆ ಮೊದಲು ಬೈಕ್ ಹತ್ತುವವರು ನಾವು. ಮಾರನೇ ದಿನ ಅದು ಅಚ್ಚಾದಾಗ ಮೇಲೆ ಇರುವುದು 'ನಮ್ಮ ಪ್ರತಿನಿಧಿಯಿಂದ' ಎಂಬ ಎರಡೇ ಪದ. ದೂರು ಹೇಳುತ್ತಿಲ್ಲ, ಇದು ಈ ಕೆಲಸದ ರೀತಿ. ಆದರೆ ದನಿ ಉಳಿದು ಹೆಸರು ಕಳೆದುಹೋದವರ ಕಥೆ ಎಲ್ಲಿ ಸಿಕ್ಕರೂ ನಮ್ಮ ಕಿವಿ ಆ ಕಡೆ ತಿರುಗುತ್ತದೆ.

ತುಮಕೂರು ಜಿಲ್ಲೆಯಷ್ಟು ದೇಶ

ಜಮೈಕಾ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್. ನಮ್ಮ ತುಮಕೂರು ಜಿಲ್ಲೆಗಿಂತ ಚೂರು ದೊಡ್ಡದು ಅಷ್ಟೇ. ಜನಸಂಖ್ಯೆಯೂ ಹೆಚ್ಚುಕಡಿಮೆ ತುಮಕೂರಿನಷ್ಟೇ, 30 ಲಕ್ಷದ ಒಳಗೆ. ಇಷ್ಟು ಸಣ್ಣ ದೇಶ ಹತ್ತೇ ವರ್ಷದಲ್ಲಿ ಸ್ಕಾ, ರಾಕ್‌ಸ್ಟೆಡಿ, ರೆಗ್ಗೆ ಎಂಬ ಮೂರು ಬಗೆಯ ಸಂಗೀತವನ್ನು ಒಂದರ ಹಿಂದೆ ಒಂದು ಕಟ್ಟಿತು.

ಜಮೈಕಾಗೆ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದದ್ದು 1962ರ ಆಗಸ್ಟ್ 6ರಂದು. ಆ ಹೊತ್ತಿನ ಸಂಗೀತ ಸ್ಕಾ. ಬಲು ಜೋರಿನ ನಡೆ. ಕಹಳೆಯಂಥ ಟ್ರಂಪೆಟ್, ಟ್ರಂಬೋನ್, ಸ್ಯಾಕ್ಸೋಫೋನ್ ಎಲ್ಲ ಒಟ್ಟಿಗೆ ಮೊಳಗುತ್ತವೆ. ಕುಣಿಯುವವರು ಕೈಕಾಲು ಎತ್ತಿ ಕುಣಿಯಬೇಕು. ಹೊಸದಾಗಿ ಸ್ವತಂತ್ರವಾದ ನಾಡಿನ ಖುಷಿ ಅದರಲ್ಲಿತ್ತು.

ಹಾಡು ಜನಕ್ಕೆ ತಲುಪುತ್ತಿದ್ದುದು 'ಸೌಂಡ್ ಸಿಸ್ಟಂ' ಮೂಲಕ. ನಮ್ಮ ಜಾತ್ರೆಯ ಮೈಕ್ ಸೆಟ್, ಗಣಪತಿ ಮೆರವಣಿಗೆಯ ಡಿಜೆ ನೆನಪಿಸಿಕೊಳ್ಳಿ. ಬೀರುವಿನಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಲಾರಿಯಲ್ಲಿ ತಂದು ಖಾಲಿ ಜಾಗದಲ್ಲಿ ಜೋಡಿಸಿ ರಾತ್ರಿಯಿಡೀ ರೆಕಾರ್ಡ್ ಹಾಕುತ್ತಿದ್ದರು. ಒಬ್ಬ ಸೆಟ್ಟಿನವನಿಗೂ ಇನ್ನೊಬ್ಬನಿಗೂ ಜಿದ್ದು. ಬೇರೆಯವರ ಹತ್ತಿರ ಇಲ್ಲದ ಹಾಡು ತನ್ನ ಹತ್ತಿರ ಇರಬೇಕು ಎಂದು ಸೆಟ್ಟಿನ ಮಾಲೀಕರೇ ಹಾಡು ರೆಕಾರ್ಡ್ ಮಾಡಿಸಲು ಶುರು ಮಾಡಿದರು. ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಎಂಬ ದೊಡ್ಡ ನಿರ್ಮಾಪಕರು ಬೆಳೆದದ್ದು ಹೀಗೆ.

ಓಟ ನಿಂತು ನಡಿಗೆಯಾದದ್ದು

1966ರ ಸುಮಾರಿಗೆ ಆ ಜೋರು ನಡೆ ಇದ್ದಕ್ಕಿದ್ದಂತೆ ನಿಧಾನವಾಯಿತು. ಆ ಬೇಸಿಗೆಯ ಸೆಕೆಯಲ್ಲಿ ಜನಕ್ಕೆ ಕುಣಿಯಲು ಆಗಲಿಲ್ಲ, ಅದಕ್ಕೇ ಹಾಡು ನಿಧಾನ ಮಾಡಿದರು ಎಂಬ ಕಥೆಯನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಆದರೆ ಬೇರೆ ಕಾರಣಗಳೂ ಇದ್ದವು.

ಸ್ಕಾ ಸಂಗೀತದ ಬೆನ್ನೆಲುಬಾಗಿದ್ದ ಸ್ಕಟಲೈಟ್ಸ್ ಎಂಬ ವಾದ್ಯ ತಂಡ 1965ರಲ್ಲಿ ಒಡೆದುಹೋಯಿತು. ಅಷ್ಟೊಂದು ಜನ ಊದುವವರನ್ನು ಕರೆಸಿ ಕೂಲಿ ಕೊಡುವುದು ಸಣ್ಣ ನಿರ್ಮಾಪಕರಿಗೆ ಭಾರ. ಮರದ ದೊಡ್ಡ ಬೇಸ್ ಹೋಗಿ ಕರೆಂಟಿನ ಬೇಸ್ ಗಿಟಾರ್ ಬಂತು. ಅದರಲ್ಲಿ ಒಂದೊಂದು ಸ್ವರವನ್ನೂ ಬಿಡಿಸಿ, ನಡುವೆ ಜಾಗ ಬಿಟ್ಟು ನುಡಿಸಬಹುದು. ರಾತ್ರಿ ಹೊತ್ತು ಟ್ರಾನ್ಸಿಸ್ಟರ್‌ನಲ್ಲಿ ಅಮೆರಿಕದ ಮಯಾಮಿ, ನ್ಯೂ ಓರ್ಲಿಯನ್ಸ್ ಸ್ಟೇಷನ್‌ಗಳು ಸಿಗುತ್ತಿದ್ದವು. ಅವುಗಳಲ್ಲಿ ಬರುತ್ತಿದ್ದ ಕರ್ಟಿಸ್ ಮೇಫೀಲ್ಡ್ ಮತ್ತು ಅವರ ಇಂಪ್ರೆಷನ್ಸ್ ತಂಡದ ಮೆತ್ತನೆಯ ಹಾಡುಗಾರಿಕೆಗೆ ಕಿಂಗ್‌ಸ್ಟನ್ ಹುಡುಗರು ಮರುಳಾಗಿದ್ದರು.

ಹೀಗೆ ಹುಟ್ಟಿದ ನಿಧಾನ ನಡೆಯೇ ರಾಕ್‌ಸ್ಟೆಡಿ. ಆಲ್ಟನ್ ಎಲ್ಲಿಸ್ ಎಂಬ ಗಾಯಕರು 'ರಾಕ್ ಸ್ಟೆಡಿ' ಎಂದೇ ಹೆಸರಿಟ್ಟು ಒಂದು ಹಾಡನ್ನೂ ಹಾಡಿದರು. ಕುಣಿಯುವವರು ಈಗ ಇದ್ದ ಜಾಗದಲ್ಲೇ ನಿಂತು ಸೊಂಟ, ಹೆಗಲು ಆಡಿಸಿದರೆ ಸಾಕು.

ಇದರ ಜೊತೆಗೆ ಇನ್ನೊಂದು ಮಾತು ಹೇಳಲೇಬೇಕು. ಆ ಕಾಲ ಮೆತ್ತಗಿರಲಿಲ್ಲ. ಸ್ವಾತಂತ್ರ್ಯ ಬಂದರೂ ಕೆಲಸ ಬಂದಿರಲಿಲ್ಲ. ಹಳ್ಳಿ ಬಿಟ್ಟು ಕಿಂಗ್‌ಸ್ಟನ್‌ಗೆ ಬಂದ ಹುಡುಗರು ಗುಂಪು ಕಟ್ಟಿಕೊಂಡು ಚಾಕು, ಬಂದೂಕು ಹಿಡಿದಿದ್ದರು. ರಾಜಕೀಯದವರು ಆ ಗುಂಪುಗಳನ್ನು ಬಳಸಿಕೊಂಡರು. 1966ರ ಅಕ್ಟೋಬರ್‌ನಲ್ಲಿ ಸರ್ಕಾರ ಕಿಂಗ್‌ಸ್ಟನ್‌ನ ಪಶ್ಚಿಮ ಭಾಗದಲ್ಲಿ ತುರ್ತು ಪರಿಸ್ಥಿತಿ ಹೇರಬೇಕಾಯಿತು. ಈ ಪುಂಡ ಹುಡುಗರನ್ನು ಹೊಗಳಿ, ಬೈದು, ಬುದ್ಧಿ ಹೇಳಿ ಆಗ ಎಷ್ಟೋ ಹಾಡು ಬಂದವು. ಅದೇ ಬೀದಿಗಳಲ್ಲಿ ಅತ್ಯಂತ ಮೃದುವಾದ ಪ್ರೀತಿಯ ಹಾಡುಗಳೂ ಹುಟ್ಟಿದವು. ಹಾಡು ಮೆತ್ತಗಿದೆ ಎಂದರೆ ಹಾಡಿದವರ ಬದುಕು ಸುಖವಾಗಿತ್ತು ಎಂದಲ್ಲ.

ಇಬ್ಬರ ದನಿ ಒಂದಾಗುವುದು ಹೇಗೆ

ರಾಕ್‌ಸ್ಟೆಡಿಯಲ್ಲಿ ಊದುವ ವಾದ್ಯಗಳು ಹಿಂದೆ ಸರಿದವು. ತಾಳ ನಿಧಾನವಾಯಿತು. ಹೀಗೆ ಹಾಡಿನ ನಡುವೆ ಜಾಗ ಖಾಲಿಯಾಯಿತು. ಆ ಜಾಗಕ್ಕೆ ಬಂದು ನಿಂತದ್ದು ಮನುಷ್ಯರ ದನಿ. ಪ್ಯಾರಗಾನ್ಸ್, ಹೆಪ್ಟೋನ್ಸ್, ಟೆಕ್ನಿಕ್ಸ್, ಮೆಲೋಡಿಯನ್ಸ್ ಹೀಗೆ ಮೂವರು ಹಾಡುವ ತಂಡಗಳು ಬೀದಿಗೊಂದು ಎನ್ನುವಂತೆ ಹುಟ್ಟಿಕೊಂಡವು. ಇಬ್ಬರೇ ಹಾಡುವ ಜೋಡಿಗಳ ಪರಂಪರೆ ಅದಕ್ಕೂ ಹಳೆಯದು. ಜೋ ಹಿಗ್ಸ್ ಮತ್ತು ರಾಯ್ ವಿಲ್ಸನ್ ಎಂಬ ಜೋಡಿ 1960ರ ಹೊತ್ತಿಗೇ ಹೆಸರು ಮಾಡಿತ್ತು. ಮುಂದೆ ಬಾಬ್ ಮಾರ್ಲಿ ಮತ್ತು ಗೆಳೆಯರಿಗೆ ಕೂಡಿ ಹಾಡುವುದನ್ನು ಕಲಿಸಿಕೊಟ್ಟವರು ಇದೇ ಜೋ ಹಿಗ್ಸ್.

ಕೂಡಿ ಹಾಡುವುದು ಅಂದರೇನು? ನಮ್ಮ ಭಜನೆಯಲ್ಲಿ ಹತ್ತು ಜನ ಹಾಡಿದರೂ ಎಲ್ಲರೂ ಹಾಡುವುದು ಅದೇ ಸ್ವರ. ಸೋಬಾನೆ ಪದದಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಹೇಳುತ್ತಾರೆ. ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ ಅವರ ಯುಗಳ ಗೀತೆಗಳಲ್ಲೂ ಹೆಚ್ಚಾಗಿ ಒಂದು ಸಾಲು ಅವರದು, ಒಂದು ಸಾಲು ಇವರದು.

ಇವರದ್ದು ಬೇರೆ ಲೆಕ್ಕ. ಇಬ್ಬರೂ ಒಂದೇ ಪದವನ್ನು ಒಂದೇ ಹೊತ್ತಿಗೆ ಹಾಡುತ್ತಾರೆ, ಆದರೆ ಬೇರೆ ಬೇರೆ ಸ್ವರದಲ್ಲಿ. ಒಬ್ಬರು 'ಸ' ಹಿಡಿದರೆ ಇನ್ನೊಬ್ಬರು 'ಗ' ಹಿಡಿದಂತೆ. ಮೊದಲ ದನಿ ಮೇಲೆ ಹೋದರೆ ಎರಡನೆಯದೂ ಅಷ್ಟೇ ಅಂತರ ಇಟ್ಟುಕೊಂಡು ಮೇಲೆ ಹೋಗಬೇಕು, ಇಳಿದರೆ ಜೊತೆಗೇ ಇಳಿಯಬೇಕು. ಜೋಡೆತ್ತು ನೊಗ ಎಳೆದ ಹಾಗೆ. ಒಂದು ಮುಂದೆ ನುಗ್ಗಿದರೆ ಸಾಲು ಸೊಟ್ಟ. ಇಬ್ಬರೂ ಉಸಿರು ಎಳೆದುಕೊಳ್ಳುವುದು, ಪದ ಮುಗಿಸುವುದು ಎಲ್ಲ ಒಂದೇ ಗಳಿಗೆಯಲ್ಲಿ ಆಗಬೇಕು.

ಮೂವರು ಹಾಡುವಾಗ ಒಬ್ಬರು ಸ್ವಲ್ಪ ತಪ್ಪಿದರೂ ಉಳಿದಿಬ್ಬರ ದನಿಯಲ್ಲಿ ಮುಚ್ಚಿಹೋಗುತ್ತದೆ. ಇಬ್ಬರೇ ಇದ್ದಾಗ ಮುಚ್ಚಿಕೊಳ್ಳಲು ಜಾಗವಿಲ್ಲ. ಅದಕ್ಕೇ ಎರಡನೇ ದನಿ ಹಾಡುವವರಿಗೆ ಗಂಟಲಿಗಿಂತ ಕಿವಿ ಚುರುಕಾಗಿರಬೇಕು. ತಾನು ಮಿಂಚಬೇಕು ಎಂಬ ಆಸೆ ಬಿಟ್ಟು ಪಕ್ಕದವರ ದನಿಯನ್ನೇ ಕೇಳುತ್ತ ಹಾಡಬೇಕು.

ಕೀತ್ ಮತ್ತು ಟೆಕ್ಸ್ ಮೊದಲು ಐದು ಜನರ ತಂಡದಲ್ಲಿದ್ದವರು. ತಂಡ ಕರಗಿ ಕೊನೆಗೆ ಇಬ್ಬರೇ ಉಳಿದರು. ಹಾಡು ಕೇಳಿಸಲು ನಿರ್ಮಾಪಕರ ಬಾಗಿಲಿಗೆ ಅಲೆದರು. ಒಬ್ಬರು ಬೇಡ ಎಂದರು, ಇನ್ನೊಬ್ಬರೂ ಬೇಡ ಎಂದರು. ಕೊನೆಗೆ ಒಪ್ಪಿದವರು ಡೆರಿಕ್ ಹ್ಯಾರಿಯಟ್. ಹ್ಯಾರಿಯಟ್ ತಾವೇ ಗಾಯಕರು. ಜೈವಿಂಗ್ ಜೂನಿಯರ್ಸ್ ಎಂಬ ತಂಡದಲ್ಲಿ ಹಾಡಿ ಹೆಸರು ಮಾಡಿದ್ದವರು, ಮೇಲು ಸ್ಥಾಯಿಯ ದನಿಯವರು. ಬೇರೆಯವರಿಗೆ ಕೇಳಿಸದ್ದು ಅವರಿಗೆ ಕೇಳಿಸಿರಬೇಕು.

ಟ್ರಿನಿಡಾಡ್‌ನಿಂದ ಬಂದ ಗಿಟಾರ್

'ಟುನೈಟ್' ಹಾಡು ಹಾಕಿದರೆ ಮೊದಲು ಕೇಳಿಸುವುದು ಗಿಟಾರ್. ಅದನ್ನು ನುಡಿಸಿದವರು ಲಿನ್ ಟೇಟ್. ಇವರು ಜಮೈಕಾದವರಲ್ಲ, ಟ್ರಿನಿಡಾಡ್‌ನವರು. 1962ರಲ್ಲಿ ಜಮೈಕಾದ ಸ್ವಾತಂತ್ರ್ಯೋತ್ಸವದ ಕಾರ್ಯಕ್ರಮಕ್ಕೆ ನುಡಿಸಲು ಬಂದವರು ಅಲ್ಲೇ ಉಳಿದುಬಿಟ್ಟರು. ಅವರು ಮೊದಲು ನುಡಿಸುತ್ತಿದ್ದುದು ಸ್ಟೀಲ್ ಪ್ಯಾನ್. ಎಣ್ಣೆ ಡ್ರಮ್ಮನ್ನು ಕತ್ತರಿಸಿ, ತಟ್ಟಿ ಹದ ಮಾಡಿದ ಟ್ರಿನಿಡಾಡ್‌ನ ವಾದ್ಯ ಅದು. ಕೋಲಿನಿಂದ ತಟ್ಟಿದರೆ ಒಂದೊಂದು ಸ್ವರವೂ ನೀರಿನ ಹನಿಯಂತೆ ಬಿಡಿಬಿಡಿಯಾಗಿ ಬೀಳುತ್ತದೆ. ಆ ಬೆರಳು ಗಿಟಾರ್ ಹಿಡಿದಾಗಲೂ ಹನಿ ಬೀಳಿಸುವುದನ್ನು ಬಿಡಲಿಲ್ಲ.

ಟೇಟ್ ಅವರ ಗಿಟಾರ್ ಬೇಸ್ ಗಿಟಾರಿನ ಜೊತೆಗೇ ಅದೇ ಸ್ವರಗಳನ್ನು ತಂತಿ ಅದುಮಿ ನುಡಿಸುತ್ತದೆ. ಕೆಳಗೆ ಬೇಸ್ ದಪ್ಪಗೆ ಗುಮ್ಮೆನ್ನುತ್ತದೆ, ಅದರ ಮೇಲೆ ಗಿಟಾರ್ ಟಿಕ್ ಟಿಕ್ ಎನ್ನುತ್ತದೆ. ಅಂದರೆ ಇಲ್ಲಿ ಹಾಡುವವರದ್ದೊಂದೇ ಜೋಡಿಯಲ್ಲ, ವಾದ್ಯದಲ್ಲೂ ಒಂದು ಜೋಡಿ ಇದೆ. ಅಷ್ಟು ಜಾಗ ಬಿಟ್ಟು ನುಡಿಸಿದ್ದರಿಂದಲೇ ಎರಡು ದನಿ ಅಷ್ಟು ನಿಚ್ಚಳವಾಗಿ ಕೇಳುತ್ತವೆ. ರಾಕ್‌ಸ್ಟೆಡಿಯ ಮೆದುತನ ದನಿಯಿಂದ ಮಾತ್ರ ಬಂದದ್ದಲ್ಲ. ಯಾರ ಮೇಲೂ ಯಾರೂ ಏರಿ ಬರದಂತೆ ಎಲ್ಲರೂ ತಮ್ಮ ತಮ್ಮ ಪಾಲಿನದ್ದನ್ನು ಮಾತ್ರ ನುಡಿಸುವುದರಿಂದ ಬಂದದ್ದು.

ಆ ರೈಲು ಯಾವುದು

'ಸ್ಟಾಪ್ ದಟ್ ಟ್ರೇನ್' ಮೂಲತಃ ಇವರ ಹಾಡಲ್ಲ. 1965ರ ಹೊತ್ತಿಗೆ ಸ್ಪ್ಯಾನಿಷ್‌ಟೋನಿಯನ್ಸ್ ಎಂಬ ತಂಡ ಅದನ್ನು ಸ್ಕಾ ನಡೆಯಲ್ಲಿ ಹಾಡಿತ್ತು. ಕೀತ್ ಮತ್ತು ಟೆಕ್ಸ್ ಅದನ್ನು ನಿಧಾನ ಮಾಡಿದರು. ಪ್ರೀತಿಸಿದವಳು ರೈಲು ಹತ್ತಿ ಹೊರಟಿದ್ದಾಳೆ, ರೈಲು ನಿಲ್ಲಿಸಿ ಎಂದು ಹುಡುಗ ಕೂಗುತ್ತಿದ್ದಾನೆ, ಹಾಡಿನ ಸಾರ ಇಷ್ಟೇ. ಜೋರಾಗಿ ಹಾಡಿದಾಗ ಅದು ರೈಲಿನ ಹಿಂದೆ ಓಡುವವನ ಹಾಡಾಗಿತ್ತು. ನಿಧಾನವಾದ ಮೇಲೆ ಓಡಿ ಸುಸ್ತಾಗಿ ಪ್ಲಾಟ್‌ಫಾರಂ ಮೇಲೆ ನಿಂತವನ ಹಾಡಾಯಿತು. ನಿಲ್ಲುವುದಿಲ್ಲ ಎಂದು ಗೊತ್ತಿದ್ದೇ ನಿಲ್ಲಿಸಿ ಎನ್ನುತ್ತಿರುವ ದನಿ ಅದು.

ರೈಲು ಎಂಬುದು ಜಮೈಕಾದವರಿಗೆ ಪ್ರಾಸಕ್ಕೆ ಬಂದ ಪದವಲ್ಲ. ಅಲ್ಲಿ ರೈಲು ಶುರುವಾದದ್ದು 1845ರಲ್ಲಿ, ನಮ್ಮ ಮುಂಬೈ-ಠಾಣೆ ರೈಲಿಗಿಂತ ಎಂಟು ವರ್ಷ ಮೊದಲು. ಅದೇ ವರ್ಷ ಮೇ ತಿಂಗಳಲ್ಲಿ ಭಾರತದಿಂದ ಮೊದಲ ಕೂಲಿಯಾಳುಗಳ ಹಡಗು ಜಮೈಕಾಗೆ ಹೋಗಿ ತಲುಪಿತ್ತು. 1957ರ ಸೆಪ್ಟೆಂಬರ್ 1ರ ರಾತ್ರಿ ಕೆಂಡಲ್ ಎಂಬಲ್ಲಿ ರೈಲು ಹಳಿ ತಪ್ಪಿ ಸುಮಾರು 200 ಜನ ಸತ್ತರು. 1992ರಲ್ಲಿ ಅಲ್ಲಿ ಪ್ರಯಾಣಿಕರ ರೈಲು ನಿಂತೇಹೋಯಿತು.

ಊರು ಬಿಟ್ಟು ಹೋಗುವುದೂ ಅಲ್ಲಿಯ ಮನೆಮನೆಯ ಕಥೆ. 1948ರಿಂದ ಸಾವಿರಾರು ಜನ ಬ್ರಿಟನ್‌ಗೆ ಹಡಗು ಹತ್ತಿದರು. 1962ರಲ್ಲಿ ಬ್ರಿಟನ್ ಬಾಗಿಲು ಕಿರಿದು ಮಾಡಿದ ಮೇಲೆ ಅಮೆರಿಕ, ಕೆನಡಾ ಕಡೆ ಹೊರಟರು. ಆ ಕಾಲದ ಕಿಂಗ್‌ಸ್ಟನ್‌ನಲ್ಲಿ ಯಾರನ್ನೂ ಕಳಿಸಿಕೊಡದ ಮನೆ ಹುಡುಕುವುದು ಕಷ್ಟವಿತ್ತು. ಹಾಗಾಗಿ ಈ ಹಾಡು ಅಲ್ಲಿಯ ಜನಕ್ಕೆ ಪ್ರೇಮಿಯ ಗೋಳಿಗಿಂತ ಹೆಚ್ಚಾಗಿ ಕೇಳಿಸಿತು ಎಂಬುದು ನಮ್ಮ ಅನಿಸಿಕೆ.

ಕೊನೆಗೆ ಹಾಡಿದವರೂ ಹೊರಟರು. ಕೆಲವೇ ವರ್ಷಗಳಲ್ಲಿ ಟೆಕ್ಸ್ ಕೆನಡಾಗೆ ಹೋದರು. ಕೀತ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸೈನ್ಯ ಸೇರಿದರು. ಲಿನ್ ಟೇಟ್ 1968ರಲ್ಲೇ ಕೆನಡಾಗೆ ಹೋಗಿದ್ದರು. ಅದೇ ವರ್ಷ ರಾಕ್‌ಸ್ಟೆಡಿಯ ಕಾಲವೂ ಮುಗಿದು ರೆಗ್ಗೆ ಶುರುವಾಗಿತ್ತು. ಎರಡು ವರ್ಷವೂ ಸರಿಯಾಗಿ ಬಾಳದ ಸಂಗೀತ ಅದು.

ದನಿ ಉಳಿಯಿತು, ಹೆಸರು ಹೋಯಿತು

ಹಾಡಿನ ಕಥೆ ಅಲ್ಲಿಗೇ ಮುಗಿಯಲಿಲ್ಲ.

ಅದೇ ಕಾಲಕ್ಕೆ ಜಮೈಕಾದಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. ಸೌಂಡ್ ಸಿಸ್ಟಂ ಒಂದಕ್ಕೆ ಪ್ಯಾರಗಾನ್ಸ್ ತಂಡದ ಹಾಡಿನ ತಟ್ಟೆ ಕತ್ತರಿಸುವಾಗ ದನಿ ಸೇರಿಸುವುದು ಬಿಟ್ಟುಹೋಯಿತು. ಬರೀ ವಾದ್ಯ ಬಂತು. ಅದನ್ನೇ ರಾತ್ರಿ ಹಾಕಿದಾಗ ನೆರೆದಿದ್ದ ಜನ ತಾವೇ ಹಾಡತೊಡಗಿದರು. ಅಂದಿನಿಂದ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಾಡು, ಇನ್ನೊಂದು ಮಗ್ಗುಲಲ್ಲಿ ಬರೀ ವಾದ್ಯ ಹಾಕುವುದು ರೂಢಿಯಾಯಿತು. ಅದಕ್ಕೆ 'ವರ್ಷನ್' ಎಂದು ಹೆಸರು. ನಮ್ಮಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುತ್ತೇವಲ್ಲ, ಅದರ ಅಣ್ಣ ಅದು. ಆ ವಾದ್ಯದ ಮೇಲೆ ಮೈಕ್ ಹಿಡಿದು ಪ್ರಾಸ ಕಟ್ಟಿ ಮಾತಾಡುವವರು ಬಂದರು. ಹಳೇ ಮಟ್ಟು, ಹೊಸ ಮಾತು.

ಹ್ಯಾರಿಯಟ್ ಅವರ ಬಳಿ 'ಸ್ಟಾಪ್ ದಟ್ ಟ್ರೇನ್' ಟೇಪು ಇತ್ತಲ್ಲ. ಸ್ಕಾಟಿ ಎಂಬ ಕಲಾವಿದರಿಂದ ಅದರ ಮೇಲೆ ಮಾತಾಡಿಸಿ 'ಡ್ರಾ ಯುವರ್ ಬ್ರೇಕ್ಸ್' ಎಂಬ ಹೆಸರಿನಲ್ಲಿ ಬಿಟ್ಟರು. 1972ರಲ್ಲಿ ಪೆರ‍್ರಿ ಹೆನ್ಜೆಲ್ ನಿರ್ದೇಶಿಸಿ ಜಿಮ್ಮಿ ಕ್ಲಿಫ್ ನಟಿಸಿದ 'ದಿ ಹಾರ್ಡರ್ ದೇ ಕಮ್' ಸಿನಿಮಾ ಬಂತು. ಅದರ ಹಾಡುಗಳ ಆಲ್ಬಂ ಅಮೆರಿಕ, ಯೂರೋಪಿನ ಎಷ್ಟೋ ಮನೆಗಳಿಗೆ ಜಮೈಕಾ ಸಂಗೀತವನ್ನು ಮೊದಲ ಬಾರಿ ಮುಟ್ಟಿಸಿತು. ಆ ಆಲ್ಬಂನಲ್ಲಿ 'ಡ್ರಾ ಯುವರ್ ಬ್ರೇಕ್ಸ್' ಇದೆ. ಸ್ಕಾಟಿ ಮಾತಿನ ನಡುವೆ ರೈಲು ನಿಲ್ಲಿಸಿ ಎನ್ನುವ ಎರಡು ದನಿ ಸ್ಪಷ್ಟವಾಗಿ ಕೇಳುತ್ತವೆ. ಆದರೆ ಹಾಡಿನ ಮುಂದೆ ಇರುವ ಹೆಸರು ಸ್ಕಾಟಿ ಒಬ್ಬರದೇ.

ಸ್ಕಾಟಿ ಮಾಡಿದ್ದು ಕಳ್ಳತನವಲ್ಲ. ಅಲ್ಲಿಯ ಪದ್ಧತಿಯೇ ಹಾಗಿತ್ತು. ಟೇಪು ನಿರ್ಮಾಪಕರದ್ದು, ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು. ಆ ಸ್ವಾತಂತ್ರ್ಯದಿಂದಲೇ ಜಮೈಕಾದ ಸಂಗೀತ ಅಷ್ಟು ಬೇಗ ಬೆಳೆಯಿತು ಎಂಬುದೂ ನಿಜ. ಹಾಡಿದವರಿಗೆ, ನುಡಿಸಿದವರಿಗೆ ಒಂದು ಸಲ ಕೂಲಿ ಕೊಟ್ಟರೆ ಮುಗಿಯಿತು ಎನ್ನುವುದೇ ಹೆಚ್ಚಾಗಿ ನಡೆದದ್ದು ಎಂಬುದೂ ನಿಜ. ಬ್ರಿಟಿಷರ 1911ರ ಕಾಯ್ದೆಯನ್ನು ಬದಿಗಿಟ್ಟು ಜಮೈಕಾ ತನ್ನದೇ ಕಾಪಿರೈಟ್ ಕಾಯ್ದೆ ಜಾರಿ ಮಾಡಿದ್ದು 1993ರಲ್ಲಿ. ಅಷ್ಟರಲ್ಲಿ ಕೀತ್ ಮತ್ತು ಟೆಕ್ಸ್ ಹಾಡಿ 26 ವರ್ಷ ಕಳೆದಿತ್ತು.

ಅಷ್ಟರೊಳಗೆ ಆ ರೈಲು ಇನ್ನೂ ದೂರ ಹೋಗಿತ್ತು. 1989ರಲ್ಲಿ ಅಮೆರಿಕದ ಬೀಸ್ಟಿ ಬಾಯ್ಸ್ ತಂಡ ಸ್ಕಾಟಿ ಹಾಡಿನ ತುಣುಕು ತೆಗೆದುಕೊಂಡಿತು. 1990ರಲ್ಲಿ ವೆನಿಲ್ಲಾ ಐಸ್ ಎಂಬ ರ‍್ಯಾಪರ್ 'ಸ್ಟಾಪ್ ದಟ್ ಟ್ರೇನ್' ಮೇಲೆ ಹೊಸ ಹಾಡು ಕಟ್ಟಿದರು. ಅದು ಇರುವ ಆಲ್ಬಂ ಅಮೆರಿಕದಲ್ಲೇ ಸುಮಾರು 70 ಲಕ್ಷ ಪ್ರತಿ ಹೋಯಿತು. ಕಿಂಗ್‌ಸ್ಟನ್‌ನ ಇಬ್ಬರು ಹುಡುಗರ ಹಾಡಿನ ಎಳೆ ಅಷ್ಟು ಮನೆ ಹೊಕ್ಕಿತು, ಹೆಸರು ಹೊರಗೇ ನಿಂತಿತು.

ಮತ್ತೆ ಒಂದು ಮೈಕಿನ ಮುಂದೆ

ಹಳೆಯ ರಾಕ್‌ಸ್ಟೆಡಿ ಕೇಳುವವರು ಜಪಾನ್, ಬ್ರಿಟನ್, ಸ್ಪೇನ್, ಅಮೆರಿಕ ಎಲ್ಲ ಕಡೆ ಇದ್ದಾರೆ. ಹಳೇ ತಟ್ಟೆಗಳನ್ನು ಹುಡುಕಿ ಕೊಂಡು, ಹಾಡಿದವರು ಯಾರು, ಈಗ ಎಲ್ಲಿದ್ದಾರೆ ಎಂದು ಕೆದಕುವವರು ಅವರು. ಇಂಥವರ ಪ್ರೀತಿಯಿಂದಲೇ ಕೀತ್ ಮತ್ತು ಟೆಕ್ಸ್ ಮತ್ತೆ ಕೂಡಿದರು. ವೇದಿಕೆಗಳಲ್ಲಿ ಹಾಡಿದರು. 2017ರಲ್ಲಿ ಸ್ಪೇನಿನ ಕಂಪನಿಯೊಂದು ಇವರ ಹೊಸ ಆಲ್ಬಂ ತಂದಿತು. ಮೊದಲ ಹಾಡು ಹಾಡಿ ಅಷ್ಟರಲ್ಲಿ 50 ವರ್ಷವಾಗಿತ್ತು. ಮರುವರ್ಷ, 2018ರ ನವೆಂಬರ್‌ನಲ್ಲಿ, ಯುನೆಸ್ಕೋ ಜಮೈಕಾದ ರೆಗ್ಗೆಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ರೆಗ್ಗೆಯ ಕೆಳಗಿನ ಕಲ್ಲು ರಾಕ್‌ಸ್ಟೆಡಿ.

ಕೇಳಬೇಕು ಅನಿಸಿದರೆ ಯೂಟ್ಯೂಬ್‌ನಲ್ಲಿ ಹುಡುಕಿ. ಒಂದು ಎಚ್ಚರ: 'ಸ್ಟಾಪ್ ದಟ್ ಟ್ರೇನ್' ಎಂಬ ಹೆಸರಿನ ಬೇರೆ ಹಾಡೂ ಇದೆ. ಅದು ಪೀಟರ್ ಟಾಶ್ ಬರೆದು ಹಾಡಿದ್ದು, ಬಾಬ್ ಮಾರ್ಲಿ ತಂಡದ 1973ರ ಆಲ್ಬಂನಲ್ಲಿದೆ. ಅದಲ್ಲ. ಕೀತ್, ಟೆಕ್ಸ್ ಎಂದು ಹೆಸರು ಸೇರಿಸಿಯೇ ಹುಡುಕಿ. ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳುವುದಿಲ್ಲ, ಇಯರ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಮುಖ್ಯ ದನಿ ಕೇಳಿ. ಎರಡನೇ ಸಲ ಅದನ್ನು ಬಿಟ್ಟು ಪಕ್ಕದ ದನಿಯನ್ನು ಮಾತ್ರ ಹಿಂಬಾಲಿಸಿ. ಎಲ್ಲಿ ಸೇರಿಕೊಳ್ಳುತ್ತದೆ, ಎಲ್ಲಿ ಉಸಿರು ಹಿಡಿಯುತ್ತದೆ, ಎಲ್ಲಿ ತಾನು ಸುಮ್ಮನಾಗಿ ಇನ್ನೊಬ್ಬರಿಗೆ ಜಾಗ ಬಿಡುತ್ತದೆ ನೋಡಿ. ಹೊರಗಿನ ಭಾಷೆ ಅರ್ಥವಾಗದಿದ್ದರೂ ಇದು ಅರ್ಥವಾಗುತ್ತದೆ.

ಅದು ಅರ್ಥವಾದ ಮೇಲೆ ನಿಮ್ಮ ಊರಿನ ಕಡೆ ಒಮ್ಮೆ ನೋಡಿ. ಭಜನೆಯಲ್ಲಿ, ತತ್ವಪದದಲ್ಲಿ, ನಾಟಕದ ಹಿಮ್ಮೇಳದಲ್ಲಿ ಎರಡನೇ ದನಿ ಹಾಡುವವರು ಖಂಡಿತ ಒಬ್ಬರಿರುತ್ತಾರೆ. ಅವರ ಹಾಡನ್ನು ಯಾರೋ ಫೋನಿನಲ್ಲಿ ಹಿಡಿದು ಗ್ರೂಪಿಗೆ ಹಾಕಿರುತ್ತಾರೆ, ಅಲ್ಲಿಂದ ಅದು ಎಲ್ಲೆಲ್ಲಿಗೋ ಹೋಗಿರುತ್ತದೆ. ಮುಂದಿನ ಸಲ ನೀವು ಅದನ್ನು ಕಳಿಸುವಾಗ ಕೆಳಗೆ ಹಾಡಿದವರ ಹೆಸರು, ಊರು ಬರೆಯಿರಿ. ಮುಂದೆ ನಿಂತವರದು ಮಾತ್ರವಲ್ಲ, ಪಕ್ಕದಲ್ಲಿ ನಿಂತವರದೂ.